ಸಾವಧಾನ್ ಅಂದರೆ ಏನು

ಸೈನ್ಯದಿಂದ ಬಂದ ಮೇಲೆ ಗಣಿತದ ಬಗ್ಗೆ ನನ್ನನ್ನು ಯಾರೂ ಒಂದು ಮಾತು ಕೇಳಿಲ್ಲ. ಎಲ್ಲರೂ ಕೇಳುವುದು ಒಂದನ್ನೇ: ಎಷ್ಟು ಮಂದಿಯನ್ನು ಹೊಡೆದಿರಿ? ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕೊಡುವವನು ಕೇಳಿದ್ದಾನೆ. ಬನಹಟ್ಟಿಯಲ್ಲಿ ನನಗೆ ಮನೆ ಬಾಡಿಗೆ ಕೊಟ್ಟವರು ಕೇಳಿದ್ದಾರೆ. ಬೀಳಗಿಯ ಒಂದು ಮದುವೆಯಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಕೇಳಿದ್ದಾರೆ.

ನಾನು ತೋಪಖಾನೆಯಲ್ಲಿದ್ದೆ. ತೋಪು ಯಾವ ಕೋನಕ್ಕೆ ಏಳಬೇಕು, ಗುಂಡು ಎಷ್ಟು ದೂರ ಹೋಗಬೇಕು, ಗಾಳಿ ಅದನ್ನು ಎಷ್ಟು ಸರಿಸುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ ಹೋದವನಿಗೆ ಆ ಕೆಲಸ ಸಿಕ್ಕಿತ್ತು. ಒಬ್ಬ ಶತ್ರುವಿನ ಮುಖವನ್ನೂ ನಾನು ನೋಡಿಲ್ಲ. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಮೋಸ ಮಾಡಿದವನಂತೆ ನಾನು ನಿಂತಿರುತ್ತೇನೆ.

ಆಮೇಲೆ ಬಿ.ಎಡ್. ಮಾಡಿದೆ. ಮಾಜಿ ಸೈನಿಕರ ಮೀಸಲಿನಲ್ಲಿ ಮುಧೋಳ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಗಣಿತದ ಮಾಸ್ತರನಾಗಿ ಬಂದೆ. ‘ಕೋಟಾದಾಗ ಬಂದವ್ರು’ ಎಂದು ಶಿಕ್ಷಕರ ಕೋಣೆಯಲ್ಲಿ ಮೊದಲ ವಾರವೇ ಕೇಳಿಸಿಕೊಂಡೆ. ನನಗೆ ಕೇಳಲಿ ಎಂದೇ ಹೇಳಿದರೋ, ಕೇಳುವುದಿಲ್ಲ ಎಂದುಕೊಂಡು ಹೇಳಿದರೋ, ಈಗ ಖಾತ್ರಿಯಿಲ್ಲ. ಕೇಳಿದ್ದು ಮಾತ್ರ ಖರೆ. ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿತ್ತು. ಹೆಡ್ ಮಾಸ್ತರರು ಬೆಳಗಿನ ಪ್ರಾರ್ಥನೆಯ ಸಾಲು ನಿಲ್ಲಿಸುವ ಕೆಲಸವನ್ನು ನನಗೆ ಹಚ್ಚಿದರು. ಗಣಿತದ ಜೊತೆಗೆ ಅಷ್ಟೇ ತಾನೇ ಎಂದು ಒಪ್ಪಿಕೊಂಡೆ. ದಿನಾ ಬೆಳಿಗ್ಗೆ ಮೈದಾನದಲ್ಲಿ ನಿಂತು ‘ಸಾವಧಾನ್, ವಿಶ್ರಾಮ್’ ಎಂದು ಕೂಗುತ್ತಿದ್ದೆ. ಧ್ವನಿಯಂತೂ ಇತ್ತು. ಆಚೆಯ ರಸ್ತೆಯಲ್ಲಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರಿನವನಿಗೂ ಕೇಳುವಷ್ಟು ಧ್ವನಿ.

ಈಗ ಆ ದಿನಕ್ಕೆ ಬರುತ್ತೇನೆ. ಅದನ್ನು ನಾನು ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಹೇಳಿ ಹೇಳಿ ಅದರ ಮೂಲೆಗಳು ಸವೆದು ಹೋಗಿವೆ. ಆದ್ದರಿಂದ ಗಟ್ಟಿಯಾಗಿ ಗೊತ್ತಿರುವುದನ್ನಷ್ಟೇ ಬರೆಯುತ್ತೇನೆ.

ಹತ್ತನೇ ತರಗತಿ. ತ್ರಿಕೋನಮಿತಿ. ಒಬ್ಬ ಹುಡುಗಿಯನ್ನು ಕರಿಹಲಗೆಗೆ ಕರೆದಿದ್ದೆ. ಟ್ರ್ಯಾಕ್ಟರ್ ಓಡಿಸುವವನ ಮಗಳು. ತಲೆ ಚುರುಕು, ಆದರೆ ನನಗೆ ಹೆದರುತ್ತಿದ್ದಳು. ಕಿಟಕಿಯಲ್ಲಿ ದೂರಕ್ಕೆ ಕಾಣುವ ಕಾರ್ಖಾನೆಯ ಚಿಮಣಿಯ ಎತ್ತರ ಕಂಡುಹಿಡಿಯುವ ಲೆಕ್ಕ ಕೊಟ್ಟಿದ್ದೆ. ಅವಳು ಅವಸರದಲ್ಲಿ ತಪ್ಪು ಬರೆದು, ಅಂಗೈಯಿಂದ ಒರೆಸಿ, ಮತ್ತೆ ತಪ್ಪು ಬರೆದಳು. ನಾನು ಹಿಂದಿನ ಬೆಂಚಿನ ಹತ್ತಿರ ನಿಂತಿದ್ದವನು ಹೇಳಿದೆ:

“ಸಾವಧಾನ್ ಮಾಡವ್ವಾ.”

ಅವಸರ ಬೇಡ, ತಾಳ್ಮೆಯಿಂದ ಮಾಡು ಎಂದು ನನ್ನ ಅರ್ಥ. ಕನ್ನಡದಲ್ಲಿ ಸಾವಧಾನ ಎಂದರೆ ಅದೇ. ಆದರೆ ನಮ್ಮ ಕಡೆಯ ಬಾಯಿ ಮಾತಿನ ಕೊನೆಯನ್ನು ಕತ್ತರಿಸಿ ಬಿಡುತ್ತದೆ. ಕತ್ತರಿಸಿದ ಮೇಲೆ ಉಳಿಯುವುದು ಕವಾಯತಿನ ಹಿಂದಿಯ ಹುಕುಂ. ಹುಡುಗಿಯ ಕೈಯಿಂದ ಸೀಮೆಸುಣ್ಣ ಬಿತ್ತು. ಹಿಮ್ಮಡಿ ಕೂಡಿಸಿ, ಕೈಗಳನ್ನು ತೊಡೆಗೆ ಅಂಟಿಸಿ, ಗೋಡೆ ನೋಡುತ್ತ ನಿಂತಳು. ಅವಳ ಹಿಂದೆಯೇ ಇಡೀ ತರಗತಿ ಬೆಂಚು ಸರಿಸಿ ಎದ್ದು ಸೆಟೆದು ನಿಂತಿತು.

ನಗು ಬರಬೇಕಿತ್ತು. ಬಂತು ಎಂದು ಕಾಣುತ್ತದೆ. ಯಾಕೆ ಎದ್ದಿರಿ ಎಂದು ಕೇಳಿದೆ.

“ನೀವ ಅಂದ್ರೆಲ್ರಿ ಸರ,” ಎಂದಳು ಅವಳು, ಗೋಡೆಯಿಂದ ಕಣ್ಣು ತೆಗೆಯದೆ.

ನನ್ನ ತಾಯಿ ನಾನು ಬಸ್ಸು ಹತ್ತುವಾಗಲೆಲ್ಲ ಇದೇ ಮಾತು ಹೇಳುತ್ತಿದ್ದಳು, ಸಾವಧಾನ ಹೋಗಪಾ ಎಂದು. ಹೀಗೆ ಬರೆದರೆ ಚೆನ್ನಾಗಿ ಕೂಡುತ್ತದೆ. ಆದರೆ ಆಕೆ ಹೇಳುತ್ತಿದ್ದುದು ಸಾವಕಾಶ ಎಂದಿರಬೇಕು; ನಮ್ಮಲ್ಲಿ ಹೆಂಗಸರು ಹೆಚ್ಚಾಗಿ ಹಾಗೆಯೇ ಅನ್ನುತ್ತಾರೆ. ಈ ಘಟನೆಗೆ ಒಪ್ಪಲಿ ಎಂದು ನಾನೇ ಆಕೆಯ ಬಾಯಲ್ಲಿ ಬೇರೆ ಶಬ್ದ ಇಟ್ಟಿದ್ದೇನೆ. ನೆನಪಿನ ಇಂಥ ಜಾಣತನ ಕಂಡರೆ ನನಗೆ ಸಿಟ್ಟು ಬರುತ್ತದೆ. ಇರಲಿ.

ಕಿಟಕಿಯ ಆಚೆ ಹೆಡ್ ಮಾಸ್ತರರು ನಿಂತಿದ್ದರು. ನಗದೆ, ಅಲುಗದೆ ನಿಂತ ತರಗತಿಯನ್ನು ನೋಡಿ ಅವರ ಮುಖ ಅರಳಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಶಿಕ್ಷಕರೆಲ್ಲ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಾಗ ಅವರು ಎಲ್ಲರೆದುರು ನನ್ನನ್ನು ಹೊಗಳಿದರು.

“ಇಷ್ಟ ದಿನಾ ಈ ಮನಶ್ಯಾನ್ನ ನಾವು ಲೆಕ್ಕದಾಗ ಹಾಳ ಮಾಡಿದ್ವಿ ನೋಡ್ರಿ.”

ಮರುವಾರದ ವೇಳಾಪಟ್ಟಿಯಲ್ಲಿ ಹತ್ತನೇ ತರಗತಿಯ ಗಣಿತ ವಿಜ್ಞಾನದ ಮಾಸ್ತರರಿಗೆ ಹೋಗಿತ್ತು. ನನಗೆ ಕವಾಯತು, ಮೈದಾನ, ಶಿಸ್ತು. ಶಿಸ್ತು ಎಂಬುದೂ ಒಂದು ವಿಷಯವಾಗಿ ಪಟ್ಟಿಯಲ್ಲಿ ಸೇರಿತ್ತು. ಕೆಲವೇ ದಿನಗಳಲ್ಲಿ ಬೇರೆ ತರಗತಿಗಳ ಮಕ್ಕಳನ್ನು ನನ್ನ ಹತ್ತಿರ ಕಳಿಸತೊಡಗಿದರು. ಮನೆಪಾಠ ಮಾಡದವರು, ತಡವಾಗಿ ಬಂದವರು, ನಕ್ಕವರು. ರನ್ನ ಬೆಳಗಲಿಯಿಂದ ಸೈಕಲ್ಲಿನಲ್ಲಿ ಬರುವ ಒಬ್ಬನ ತಂದೆ ಬಂದು, ಎಲುಬೊಂದು ಬಿಟ್ಟು ಉಳಿದದ್ದೆಲ್ಲ ನಿಮ್ಮದು, ನೀವು ಮಿಲ್ಟ್ರಿಯವರು, ಹೊಡೆಯಿರಿ ಎಂದು ಪ್ರೀತಿಯಿಂದ ಕೇಳಿಕೊಂಡ. ಈ ಊರಿಗೆ ಬೇಕಾದದ್ದು ಮಾಸ್ತರನಲ್ಲ, ಒಂದು ಬಡಿಗೆ. ಸಾಧ್ಯವಾದರೆ ಪದಕ ಹಚ್ಚಿಕೊಂಡ ಬಡಿಗೆ.

ಸೈನ್ಯದಲ್ಲಿ ನನಗೆ ಯಾರೂ ಬಡಿಗೆ ಕೊಟ್ಟಿರಲಿಲ್ಲ. ಪೆನ್ಸಿಲ್ ಕೊಟ್ಟಿದ್ದರು.

ಅಷ್ಟರಲ್ಲಿ ಶಾಲೆಗೆ ದೊಡ್ಡ ಅಧಿಕಾರಿಗಳು ಬರುವುದು ಗೊತ್ತಾಯಿತು. ಹತ್ತನೇ ತರಗತಿಯವರಿಂದ ಕವಾಯತು ಮಾಡಿಸಬೇಕು, ನಾನು ಸಮವಸ್ತ್ರ ಹಾಕಿ, ಪದಕ ಹಚ್ಚಿ ಮುಂದೆ ನಿಲ್ಲಬೇಕು ಎಂದು ತೀರ್ಮಾನವಾಯಿತು. ತಾಲೀಮು ಮಧ್ಯಾಹ್ನದ ಕೊನೆಯ ಎರಡು ಪೀರಿಯಡ್. ಅವುಗಳಲ್ಲಿ ಒಂದು ಗಣಿತದ್ದು. ಪರೀಕ್ಷೆ ಹತ್ತಿರ ಬಂದಿತ್ತು. ಮೈದಾನದಲ್ಲಿ ಸಾಲಾಗಿ ನಿಂತವರ ನಡುವೆ ಆ ಹುಡುಗಿಯನ್ನು ಕೇಳಿದೆ, ಚಿಮಣಿಯ ಲೆಕ್ಕ ಕೊನೆಗೆ ಬಿಡಿಸಿದೆಯಾ ಎಂದು. ವಿಜ್ಞಾನದ ಸರ್ ಗೈಡಿನಿಂದ ಉತ್ತರ ಬರೆಸಿದ್ದಾರೆ, ಬಾಯಿಪಾಠ ಮಾಡುತ್ತಿದ್ದೇನೆ ಎಂದಳು. ಅವಳು ಹೇಳಿದ್ದರಲ್ಲಿ ದೂರು ಇರಲಿಲ್ಲ. ಸೆಟೆದು ನಿಂತೇ ಹೇಳಿದಳು. ಲೆಕ್ಕವನ್ನು ಬಾಯಿಪಾಠ ಮಾಡಿ ಪರೀಕ್ಷೆಗೆ ಹೋಗುವ ಮಕ್ಕಳು ಏನಾಗುತ್ತಾರೆಂದು ಗೊತ್ತಿರುವ ಮನುಷ್ಯ ಆ ಮೈದಾನದಲ್ಲಿ ಒಬ್ಬನೇ ಇದ್ದ. ಅವನು ಅವರ ಎಡಗಾಲು ಬಲಗಾಲು ಎಣಿಸುತ್ತಿದ್ದ.

ಹೆಡ್ ಮಾಸ್ತರರ ಕೋಣೆಗೆ ಹೋದೆ. ಶಾಲೆಯ ಉಸ್ತುವಾರಿ ಸಮಿತಿಯ, ಅಂದರೆ ಎಸ್.ಡಿ.ಎಂ.ಸಿ.ಯ, ಅಧ್ಯಕ್ಷರೂ ಅಲ್ಲೇ ಕೂತಿದ್ದರು. ಸಾವಳಗಿಯಿಂದ ಯಾರನ್ನೋ ಕರೆಸಿ ಶಾಮಿಯಾನ ಹಾಕಿಸುವ ಮಾತು ನಡೆದಿತ್ತು.

“ನಾ ಇನ್ನ ಮೈದಾನಕ್ಕ ಬರಂಗಿಲ್ರಿ,” ಎಂದೆ. “ನನ್ನ ಹತ್ತನೇತ್ತಾ ನನಗ ಕೊಡ್ರಿ.”

ಹೆಡ್ ಮಾಸ್ತರರು ಪೆನ್ನು ಕೆಳಗಿಟ್ಟರು. ಹತ್ತನೇ ತರಗತಿ ಹುಡುಗಾಟವಲ್ಲ, ರಿಜಲ್ಟ್ ಬಿದ್ದರೆ ತಮ್ಮ ಕುತ್ತಿಗೆಗೆ ಬರುತ್ತದೆ ಎಂದರು. ಅಧ್ಯಕ್ಷರು ನಗುತ್ತ ನನ್ನ ಕಡೆ ತಿರುಗಿದರು.

“ದೇಶಾ ಕಾದವ್ರು ನೀವು ಮಾಸ್ತರ. ನಾಕ ಹುಡುಗ್ರನ್ನ ನಿಲ್ಲಸಾಕ ಆಗವಲ್ತೇನ್ರಿ?”

“ನಿಲ್ಲಸಾಕ ಬರತೈತ್ರಿ. ಅದಕ್ಕ ಬ್ಯಾಡ ಅನ್ನಾಕತ್ತೇನಿ.”

ಅವರಿಗೆ ತಿಳಿಯಲಿಲ್ಲ. ಸೈನಿಕನಾಗಿ ಹುಕುಂ ಮೀರುವುದೇ ಎಂದು ಹೆಡ್ ಮಾಸ್ತರರು ಕೇಳಿದರು. ಆಗ ನನ್ನ ಧ್ವನಿ ಏರಿತು. ನನ್ನನ್ನು ಗಣಿತಕ್ಕೆ ತೆಗೆದುಕೊಂಡಿದ್ದಾರೆ, ಗಣಿತ ಕಲಿಸಲು ಬಿಡದಿರುವುದು ಯಾವ ಹುಕುಂ ಎಂದು ಕೇಳಿದೆ. ಇನ್ನೂ ಏನೇನೋ ಅಂದೆ. ಅನ್ನಬೇಕಿದ್ದ ಒಳ್ಳೆಯ ಮಾತುಗಳು ಆಮೇಲೆ ಬೈಕಿನಲ್ಲಿ ಬನಹಟ್ಟಿಗೆ ಹೋಗುವಾಗ ಹೊಳೆದವು. ಅವನ್ನು ಕೋಣೆಯಲ್ಲಿ ಅಂದೆ ಎಂದು ಬರೆಯುವ ಆಸೆ ನನಗಿಲ್ಲ. ಹೊರಬಂದಾಗ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಪುಸ್ತಕ ತಿದ್ದುವುದರಲ್ಲಿ ಮುಳುಗಿದ್ದರು. ವಿಜ್ಞಾನದ ಮಾಸ್ತರರು ಮಾತ್ರ ವರಾಂಡದಲ್ಲಿ ನನ್ನ ಹಿಂದೆ ಬಂದು, ನಿಮ್ಮ ಗಣಿತ ನೀವೇ ತಗೊಳ್ಳಿ ಮಾರಾಯರೇ, ನನಗೂ ಅದು ತಲೆನೋವು ಎಂದು ಪಿಸುಗುಟ್ಟಿದರು.

ಮರುದಿನ ತಾಲೀಮಿನ ಹೊತ್ತಿಗೆ ನಾನು ಹತ್ತನೇ ತರಗತಿಗೆ ಹೋದೆ. ಯಾರ ಅಪ್ಪಣೆಯೂ ಇರಲಿಲ್ಲ. ಬೇರೆ ಮಾಸ್ತರರೊಬ್ಬರು ಅಷ್ಟರಲ್ಲೇ ಅರ್ಧ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿದ್ದರು. ಉಳಿದವರು ನನ್ನನ್ನು ನೋಡಿ ಎದ್ದು ನಿಂತರು. ಕೂತುಕೊಳ್ಳಿ ಎಂದೆ. ಇನ್ನು ಮೇಲೆ ನನ್ನ ಪೀರಿಯಡ್ಡಿನಲ್ಲಿ ಯಾರೂ ಏಳಬಾರದು, ಉತ್ತರ ಹೇಳಲೂ ಏಳಬಾರದು, ಕೂತೇ ಹೇಳಬೇಕು ಎಂದೆ. ಅವರಿಗೆ ಅದು ಶಿಕ್ಷೆಯಂತೆ ಕೇಳಿಸಿತು. ಒಬ್ಬಳು ಉತ್ತರ ಗೊತ್ತಿದ್ದೂ, ಕೂತು ಹೇಳುವುದು ಹೇಗೆಂದು ತಿಳಿಯದೆ ಬಾಯಿ ಮುಚ್ಚಿಕೊಂಡಳು.

ಹಾಗೆ ಎಷ್ಟು ದಿನ ನಡೆಯಿತೋ. ಅಧಿಕಾರಿಗಳು ಬಂದು ಹೋದರು. ಕವಾಯತನ್ನು ಬೇರೆ ಯಾರೋ ಮಾಡಿಸಿದರು. ನಾನು ದೇಶಕ್ಕೆ ಅವಮಾನ ಮಾಡಿದೆನೆಂದು ಊರಲ್ಲಿ ಮಾತಾಯಿತು. ಚಹಾದ ಅಂಗಡಿಯಲ್ಲಿ ಮೊದಲು ಎದ್ದು ಜಾಗ ಬಿಡುತ್ತಿದ್ದವರು ಈಗ ಏಳುವುದಿಲ್ಲ. ಅದೊಂದು ಒಳ್ಳೆಯದಾಯಿತು.

ಒಂದು ಮಧ್ಯಾಹ್ನ ಹಲಗೆಯ ಮೇಲೆ ವರ್ಗ ಸಮೀಕರಣ ಬಿಡಿಸುತ್ತಿದ್ದೆ. ಹೆಡ್ ಮಾಸ್ತರರು ಬಾಗಿಲಿಗೆ ಬಂದು ನಿಂತರು. ನನಗೆ ಕಂಡಿತು, ನಾನು ನಿಲ್ಲಿಸಲಿಲ್ಲ. ಸಿಟ್ಟಿನಲ್ಲಿ ಕೈ ವೇಗವಾಗಿ ಓಡುತ್ತಿತ್ತು. ಹಿಂದಿನಿಂದ ಆ ಟ್ರ್ಯಾಕ್ಟರಿನವನ ಮಗಳ ಧ್ವನಿ ಬಂತು.

“ಸರ, ಅಲ್ಲಿ ಮೈನಸ್ ಬರತೈತ್ರಿ. ತಪ್ಪ ಬರದೀರಿ.”

ತಿರುಗಿ ನೋಡಿದೆ. ಅವಳು ಗದ್ದಕ್ಕೆ ಕೈ ಕೊಟ್ಟು ಕೂತಿದ್ದಳು. ಕಣ್ಣು ಹಲಗೆಯ ಮೇಲಿತ್ತು. ಬಾಗಿಲಲ್ಲಿ ನಿಂತವರನ್ನು ಅವಳು ನೋಡಿರಲೇ ಇಲ್ಲ.

“ಕುಂತ ಮಾತಾಡ್ತಾರಲ್ರೀ ನಿಮಗ,” ಎಂದರು ಹೆಡ್ ಮಾಸ್ತರರು. “ಎಲ್ಲೆ ಹೋತ್ರೀ ನಿಮ್ಮ ಶಿಸ್ತು?”

ಹುಡುಗಿ ಆಗ ಅವರನ್ನು ನೋಡಿ ಏಳಲು ಹೋದಳು. ನಾನು ಕೈ ಅಡ್ಡ ಹಿಡಿದೆ. ಅವಳು ಅರ್ಧ ಎದ್ದವಳು ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿ, ಮತ್ತೆ ಕೂತಳು.

ಅವರಿಗೆ ಉತ್ತರ ಕೊಡುವ ಮೊದಲು ನಾನು ಹಲಗೆಯ ಕಡೆ ತಿರುಗಿದೆ. ಅವಳು ಹೇಳಿದ್ದು ಸರಿಯಿತ್ತು. ಪ್ಲಸ್ ಒರೆಸಿ ಮೈನಸ್ ಹಾಕಿದೆ.