ಎರಡು ಪಾನಾದ ಮಸ್ತಾನಸಾಬರು

“ಎತ್ತಾಗ್ಲಿ, ಕಬ್ಬಿಣ ಆಗ್ಲಿ, ಹಲ್ಲು ನೋಡಿದ್ರೆ ಸಾಕು. ನನ್ನ ಮುಂದೆ ಯಾವುದೂ ವಯಸ್ಸು ಮುಚ್ಚಿಡೋಕೆ ಆಗಲ್ಲ!”

ಭಾನುವಳ್ಳಿಯ ಬಕ್ಕೇಶಪ್ಪ ಗೌಡರು ೧೯೮೬ರ ಬೇಸಿಗೆಯಲ್ಲಿ ಹೀಗೆ ಗುಡುಗಿದಾಗ ನಾಲೆಯ ನೀರು ಬೆಚ್ಚಿ ಒಂದು ಗೇಣು ಹಿಂದಕ್ಕೆ ಹರಿಯಿತು. ಎತ್ತಿನ ಸಂತೆಗಳಲ್ಲಿ ನಲವತ್ತು ವರ್ಷ ಕಂಡಕಂಡ ಬಾಯಿಗೆಲ್ಲ ಕೈ ಹಾಕಿದವರು ಅವರು. ಈಗ ಇಪ್ಪತ್ತೆಕರೆ ಭತ್ತ ಬಲಿತು ನಿಂತಿತ್ತು. ಮೋಡ ದಿನಾ ಸಂಜೆ ಬಂದು ಹೆದರಿಸಿ ಹೋಗುತ್ತಿತ್ತು. ಹಳೆಯದೊಂದು ಕಟಾವು ಯಂತ್ರ ಕೊಂಡು ಮಳೆಗೆ ಮೊದಲೇ ಕೊಯ್ದುಬಿಡೋಣವೆಂದು ಗೌಡರು ಹೊರಟರು. ಜೊತೆಗೆ ಹರಿಹರದ ಮಸ್ತಾನಸಾಬರು.

ಮಸ್ತಾನಸಾಬರು ಮೂವತ್ತು ವರ್ಷ ಅಕ್ಕಿ ಗಿರಣಿಯ ಇಂಜಿನ್ನುಗಳ ಜೊತೆ ಸಂಸಾರ ಮಾಡಿ, ಅರ್ಧ ಕಿವಿ ಕಳಕೊಂಡು, ನಾಲಿಗೆಯನ್ನು ಮಾತ್ರ ಪೂರ್ತಿ ಉಳಿಸಿಕೊಂಡವರು. ಹರಿಹರದಲ್ಲಿ ಕೂತು ತುಂಗಭದ್ರೆಯ ಆಚೆ ದಡದ ನಟ್ಟು ಬಿಗಿಯುವಷ್ಟು ಉದ್ದದ ತೋಳು. ಜೇಬಿನಲ್ಲಿ ಎರಡೇ ಪಾನಾ. ಅವೆರಡರಲ್ಲಿ ಬಿಚ್ಚಲಾಗದ ಯಂತ್ರ ಅವರ ಲೆಕ್ಕದಲ್ಲಿ ಯಂತ್ರವೇ ಅಲ್ಲ, ತಿಜೋರಿ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಾಚೆ ಖಾಲಿ ಜಾಗದಲ್ಲಿ ಕುತುಬುದ್ದೀನ್ ಎಂಬ ವ್ಯಾಪಾರಿ ಎರಡು ಯಂತ್ರ ನಿಲ್ಲಿಸಿದ್ದ. ಒಂದು ಹೊಸ ಕೆಂಪು ಬಣ್ಣ ಬಳಿದುಕೊಂಡು, ಮೈತುಂಬ ತಗಡು ಹೊದ್ದು ಮದುಮಗನಂತಿತ್ತು. ಇನ್ನೊಂದು ಅದಕ್ಕಿಂತ ಹತ್ತು ವರ್ಷ ಹಳೆಯದು. ಬೆಲ್ಟು, ಸರಪಳಿಗಳೆಲ್ಲ ಬಟಾಬಯಲು.

ಸಾಬರು ಇಂಜಿನ್ ಚಾಲೂ ಮಾಡಲು ಹೇಳಲೇ ಇಲ್ಲ. ಚಹಾ ತರಿಸಿ ಪಕ್ಕದಲ್ಲಿಟ್ಟು, ಹಳೆಯದರ ಒಂದು ಬೆಲ್ಟು ಬಿಚ್ಚಿ, ಮತ್ತೆ ಹಾಕಿ, ಬಿಸಿಯಿರುವಾಗಲೇ ಚಹಾ ಕುಡಿದರು. ಕೆಂಪಿನೊಳಗೆ ತೋಳು ತೂರಿಸಿದರೆ ಮೊಣಕೈಗೇ ಸಿಕ್ಕಿಕೊಂಡಿತು.

“ಗೌಡ್ರೆ, ಇದರ ಬೇರಿಂಗಿಗೆ ಗ್ರೀಸು ತಲುಪಿಸ್ಬೇಕಂದ್ರೆ ಅರ್ಧ ಮಿಷನ್ನೇ ಕಳಚಬೇಕು. ಬ್ಯಾಡ.”

ಗೌಡರು ಆಗಲೇ ಕೆಂಪಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಪೈರು ಕತ್ತರಿಸುವ ಬ್ಲೇಡುಗಳ ಮೇಲೆ ಒಂದೊಂದಾಗಿ ಬೆರಳಾಡಿಸುತ್ತಿದ್ದರು.

“ಹಲ್ಲು ನೋಡ್ರಿ ಸಾಬ್ರೆ, ಹೆಂಗೆ ಮಿಂಚ್ತಾವೆ! ಎರಡು ಹಲ್ಲಿನ ಹೋರಿ ಇದು. ಆ ಮುದಿ ಎತ್ತಿಗೆ ಮೂರು ಉದುರ್ಯಾವೆ.”

“ಹಲ್ಲು ಬಜಾರ್ನಾಗೆ ಸಿಗ್ತಾವ್ರಿ. ಎರಡು ರಿವೆಟ್ ಬಡಿದ್ರೆ ನಮ್ಮಜ್ಜಿಗೂ ಹೊಸಾವು. ಹೊಟ್ಟಿಯೊಳಗೆ ಕೈ ಹೋಗ್ತೈತೋ ಇಲ್ಲೋ ನೋಡ್ರಿ.”

“ನನಗೆ ಹೇಳ್ಕೊಡ್ತೀರಾ?” ಎಂದವರೇ ಗೌಡರು ಕೆಂಪಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಊರಿಗೆ ತಂದರು. ಸಾಬರ ಮಾತು ಕೇಳಿ ಹಳೆಯದನ್ನು ಪಕ್ಕದ ಗದ್ದೆಯ ಮಾಲತೇಶಪ್ಪ ಕೊಂಡ.

ಕೆಂಪು ಹೋರಿ ಗದ್ದೆಯ ಮೂರನೇ ಸುತ್ತಿನಲ್ಲೇ ಅರಚಿತು. ಆ ಸದ್ದಿಗೆ ದಾವಣಗೆರೆಯಲ್ಲಿ ಮಂಡಕ್ಕಿ ತಾನಾಗಿಯೇ ಅರಳಿತಂತೆ. ಒಳಗಿನ ಬೇರಿಂಗು ಗ್ರೀಸು ಕಾಣದೆ ಸುಟ್ಟಿತ್ತು. ತಗಡು ಬಿಚ್ಚುವುದಕ್ಕೇ ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಮಾಲತೇಶಪ್ಪನ ಮುದಿ ಎತ್ತು ನಾಲ್ಕು ಸಲ ಕೆಟ್ಟು, ನಾಲ್ಕು ಸಲವೂ ಸಾಬರ ಎರಡು ಪಾನಾಗಳಲ್ಲಿ ಎದ್ದು, ಅವನ ಗದ್ದೆ ಮುಗಿಸಿತ್ತು. ಕೊನೆಗೆ ಗೌಡರು ತಲೆ ತಗ್ಗಿಸಿ ಅದನ್ನೇ ಕರೆಸಿದರು. ಹದಿನೇಳು ಎಕರೆ ಕೊಯ್ಯುವಷ್ಟರಲ್ಲಿ ಮಳೆ ಬಿತ್ತು. ಉಳಿದ ಮೂರೆಕರೆ ಕೆಸರಿನಲ್ಲಿ ಮಲಗಿತು.

ಬದುವಿನ ಮೇಲೆ ತೊಯ್ಯುತ್ತ ನಿಂತ ಗೌಡರು ಸಾಬರ ಮೇಲೆ ಹರಿಹಾಯ್ದರು: “ಇಷ್ಟೆಲ್ಲಾ ಗೊತ್ತಿದ್ದೋರು ಅವತ್ತು ನನ್ನ ಕೈ ಹಿಡ್ದು ನಿಲ್ಲಿಸ್ಬಾರದಿತ್ತೇನ್ರಿ?”

ಸಾಬರು ಪಾನಾ ಒರೆಸಿ ಜೇಬಿಗಿಟ್ಟರು.

“ಹಿಡೀತಿದ್ದೆ ಗೌಡ್ರೆ. ನಿಮ್ಮ ಕೈ ಅದರ ಬಾಯಾಗಿತ್ತಲ್ರಿ!”