ಜೋರ್ನಿತ್ಸಾ ಅವರು ಹೊಡೆದುಹಾಕಿದ ಸಾಲು

ಗ್ರೀಕ್ ಕಾವ್ಯವನ್ನು ಬಲ್ಗೇರಿಯನ್ ಭಾಷೆಗೆ ತಂದವರು ಹಲವರಿದ್ದಾರೆ. ಆದರೆ ಕವಿ ಪದಗಳೊಡನೆ ಆಟವಾಡಿದ ಕಡೆಯಲ್ಲೆಲ್ಲ ಪಕ್ಕಕ್ಕೆ ಸರಿಯದೆ ನಿಂತವರಲ್ಲಿ, ಈ ತಿಂಗಳು ಪ್ಲೊವ್ದಿವ್ ನಗರದಲ್ಲಿ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿ ಜೋರ್ನಿತ್ಸಾ ಹಾಜಿಕೋಲೆವಾ ಅವರು ಅಗ್ರಗಣ್ಯರು.

ಮೂವತ್ತೆಂಟು ವರ್ಷಗಳ ಸೇವೆಯುದ್ದಕ್ಕೂ ಅವರದೊಂದು ಪದ್ಧತಿ. ಯಾವ ಅನುವಾದವನ್ನೇ ಆಗಲಿ, ಅಚ್ಚಿಗೆ ಕೊಡುವ ಮೊದಲು ರೊಡೋಪಿ ಬೆಟ್ಟದ ತವರೂರಿಗೆ ಒಯ್ದು, ತಂಬಾಕಿನ ಎಲೆ ಪೋಣಿಸುವ ಹೆಂಗಸರಿಗೆ ಓದಿ ಹೇಳುವರು. ಕೇಳುತ್ತ ಕೇಳುತ್ತ ಸೂಜಿ ಹಿಡಿದ ಕೈ ತಾನಾಗಿ ನಿಂತರೆ ಸಾಲು ಗೆದ್ದಂತೆ. ವಿದ್ಯಾರ್ಥಿಗಳ ಕರಡುಗಳನ್ನೂ ಹೀಗೆಯೇ ಹೊತ್ತೊಯ್ದು ತಿದ್ದಿಕೊಟ್ಟು, ತಮ್ಮ ಹೆಸರನ್ನು ಎಲ್ಲಿಯೂ ಕಾಣಗೊಡದವರು.

ಹನ್ನೆರಡು ವರ್ಷಗಳ ಹಿಂದೆ, ದ್ವೀಪವಾಸಿ ವೃದ್ಧ ಕವಿಯೊಬ್ಬರು ತೀರಿಕೊಂಡ ಹೆಂಡತಿಯನ್ನು ಕುರಿತು ಬರೆದ ಕವನ ಅವರ ಕೈಸೇರಿತು. ಗ್ರೀಕಿನಲ್ಲಿ ‘ಮಠ’ ಎಂಬ ಮಾತನ್ನಾಡುವಾಗ ದನಿಯ ಒತ್ತು ಒಂದು ಅಕ್ಷರದಿಂದ ಇನ್ನೊಂದಕ್ಕೆ ಜಾರಿದರೆ ‘ಒಂಟಿಯಾದವಳು’ ಎಂದಾಗುತ್ತದೆ. “ಮಠ ಸೇರಿಬಿಡು” ಎಂದು ಮಡದಿಯನ್ನು ಸದಾ ಛೇಡಿಸುತ್ತಿದ್ದ ಗಂಡ, ಮಠದಂಗಳದಲ್ಲಿ ಅವಳನ್ನು ಮಣ್ಣುಮಾಡಿದ ದಿನ ಅದೇ ಮಾತನ್ನಾಡಲು ಹೋಗುತ್ತಾನೆ, ಒತ್ತು ಜಾರುತ್ತದೆ. ನಗುವೂ ಅಳುವೂ ಒಂದೇ ಉಸಿರಿನಲ್ಲಿ.

ಬಲ್ಗೇರಿಯನ್‌ನಲ್ಲಿ ಆ ಜೋಡಿಯಿಲ್ಲ. ಒತ್ತು ಸರಿದರೆ ‘ಉಣ್ಣೆ’ ಎಂಬ ಮಾತು ‘ಅಲೆ’ ಎಂದಾಗುವ ಬೇರೊಂದು ಜೋಡಿಯಿದೆ. ಜೋರ್ನಿತ್ಸಾ ಅವರು ಮಡದಿಯ ಕೈಗೆ ಉಣ್ಣೆ ಕೊಟ್ಟು, ಕೊನೆಯಲ್ಲಿ ಅಲೆಯೆಬ್ಬಿಸಿದರು. ವಿಭಾಗದವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಊರಿನ ಹೆಂಗಸರೂ ನಕ್ಕರು. ಕೈಗಳು ಮಾತ್ರ ನಿಲ್ಲಲಿಲ್ಲ.

“ಚೆನ್ನಾಗಿದೆ ಕಣೇ ಮೇಡಮ್ಮಾ,” ಎಂದಳು ಎಲೆ ಪೋಣಿಸುತ್ತಿದ್ದವರಲ್ಲೊಬ್ಬಳಾದ ಚಿಕ್ಕಮ್ಮ ವೆಲಿಕಾ. “ಕುರಿ ಕಾಣಿಸ್ತು, ಸಮುದ್ರ ಕಾಣಿಸ್ತು. ಸತ್ತೋದ ಹೆಂಗಸು ಎಲ್ಲೇ?”

“ಮಾತು ಆಟ ಆಡ್ಬೇಕಲ್ಲ ಚಿಕ್ಕಮ್ಮಾ, ಕವಿ ಹಾಗೇ ಬರ್ದಿರೋದು.”

“ಆಡ್ಲಿ ಬಿಡು, ಯಾರು ಬೇಡಾಂದ್ರು? ಆಡ್ತಾ ಆಡ್ತಾ ಅವಳನ್ನೇ ಕಳ್ಕೊಂಡು ಬಂದಿದ್ದೀಯಲ್ಲ, ಆ ಮುದುಕನಿಗೆ ಏನಂತ ಹೇಳ್ತೀಯ?”

ಜೋರ್ನಿತ್ಸಾ ಅವರು ಹಾಳೆ ಮಡಚಿಕೊಂಡು ಎದ್ದರು. ಊರ ಚರ್ಚಿನಲ್ಲಿ ಕವಿಯ ಮಡದಿಯ ಹೆಸರಿಗೊಂದು ಮೇಣದ ಬತ್ತಿ ಹಚ್ಚಿ, ಚಪ್ಪಾಳೆ ಗಿಟ್ಟಿಸಿದ ಸಾಲನ್ನು ಹೊಡೆದುಹಾಕಿದರು. ‘ಮಠದಂಗಳದಲ್ಲಿ ಈಗ ನೀನೊಬ್ಬಳೇ’ ಎಂದಷ್ಟೇ ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದರು: ‘ಇಲ್ಲಿ ಕವಿ ನಕ್ಕಿದ್ದಾರೆ. ಆ ನಗುವನ್ನು ತರಲು ನನ್ನಿಂದಾಗಲಿಲ್ಲ.’

ಅದನ್ನು ಓದಿ ಹೇಳಿದಾಗ ವೆಲಿಕಾಳ ಸೂಜಿ ಮಡಿಲಿಗಿಳಿಯಿತು. “ಅವಳು ಸಿಕ್ಕಳು,” ಎಂದಳು. “ನಗೂನೂ ಹುಡ್ಕು, ಬಿಡಬೇಡ.”

ವಿಮರ್ಶಕರು ಅದನ್ನು ಸೋಲೆಂದರು. ಜೋರ್ನಿತ್ಸಾ ಅವರು ಅಲ್ಲವೆನ್ನಲಿಲ್ಲ. ಪ್ರತಿ ಬೇಸಿಗೆ ಹೊಸದೊಂದು ಸಾಲು ಹಿಡಿದು ಬೆಟ್ಟ ಹತ್ತುತ್ತಲೇ ಇದ್ದಾರೆ. ಇನ್ನು ಬಿಡುವು ಅವರದೇ. ಆ ನಗು ದೊರೆಯುವವರೆಗೆ ಭಗವಂತ ಅವರಿಗೆ ಆಯುಸ್ಸನ್ನೂ ಕಣ್ಣಬೆಳಕನ್ನೂ ಕರುಣಿಸಲಿ. ಅದು ಎಷ್ಟು ವರ್ಷ ತಡಮಾಡಿ ಬಂದರೂ ನಮಗೆ ಅವಸರವಿಲ್ಲ.