ಹೊಲಿಗೆಗೆ ಬಿಟ್ಟ ಕಾಲಿಂಚು

ಟೈಲರಮ್ಮನ ಮನೆಯ ಹಜಾರದಲ್ಲಿ ಏಳು ತಿಂಗಳಿಂದ ಯಾರೂ ನೆಟ್ಟಗೆ ನಡೆದಿರಲಿಲ್ಲ. ಬಾಗಿಲಿನಿಂದ ಅಡುಗೆಮನೆಗೆ ಹೋಗುವವರು ಮೊದಲು ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರವನ್ನು ಸುತ್ತಿಬಳಸಿ, ಹಳೆಯ ಬೆಡ್‌ಶೀಟಿನ ಮೇಲೆ ಹರಡಿದ ಎಂಜಿನ್ನಿನ ಭಾಗಗಳನ್ನು ದಾಟಿ, ಬಣ್ಣ ಒಣಗುತ್ತಿದ್ದ ಟ್ಯಾಂಕಿಗೆ ಸೊಂಟ ತಾಗದಂತೆ ಓರೆಯಾಗಿ ನುಸುಳಬೇಕಿತ್ತು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಆಕೆಯ ಗಂಡ ಈ ನಡಿಗೆಯನ್ನು ಕಲಿತುಬಿಟ್ಟಿದ್ದರು.

"ಒಂದು ಲೋಟ ನೀರು ಕುಡಿಯೋಕೂ ಸರ್ಕಸ್ ಮಾಡಬೇಕು ಕಣೇ ಈ ಮನೇಲಿ."

"ಮಾಡಿ. ಹೊಟ್ಟೆ ಕರಗುತ್ತೆ," ಎನ್ನುತ್ತಿದ್ದಳು ಆಕೆ, ತಲೆ ಎತ್ತದೆ.

ಆ ಗಾಡಿಯನ್ನು ಆಕೆ ಮೂವತ್ತೊಂದನೆಯ ವಯಸ್ಸಿನಲ್ಲಿ ಸ್ವಂತ ದುಡಿಮೆಯಿಂದ ಕೊಂಡಿದ್ದಳು, ಸೆಕೆಂಡ್ ಹ್ಯಾಂಡ್. ಶಾಲಾ ಸಮವಸ್ತ್ರಗಳ ಗಂಟನ್ನು ಹಿಂದಿನ ಸೀಟಿಗೆ ಬಿಗಿದುಕೊಂಡು ಹದಿನಾರು ವರ್ಷ ಊರೆಲ್ಲ ಸುತ್ತಿದ್ದಳು. ಶಾಲೆಗಳು ಸಿದ್ಧ ಉಡುಪು ತರಿಸತೊಡಗಿದ ಮೇಲೆ ಗಂಟೂ ನಿಂತಿತು, ಗಾಡಿಯೂ ಗೋಡೆಗೊರಗಿ ನಿಂತಿತು. ಅದು ಹಾಗೆಯೇ ತುಕ್ಕು ಹಿಡಿದು ಮಣ್ಣಾಗುತ್ತಿತ್ತೋ ಏನೋ. ಅಷ್ಟರಲ್ಲಿ ಸಾರಿಗೆ ಕಚೇರಿಯಿಂದ ಒಂದು ಕಾಗದ ಬಂತು. ಕೊಟ್ಟ ಗಡುವಿನೊಳಗೆ ಗಾಡಿಯನ್ನು ಓಡಿಸಿಕೊಂಡೇ ತಪಾಸಣೆಗೆ ತರಬೇಕು, ತರದಿದ್ದರೆ ನೋಂದಣಿ ರದ್ದಾಗುತ್ತದೆ ಎಂದು ಅದರಲ್ಲಿತ್ತು.

"ಹೋದರೆ ಹೋಗಲಿ ಬಿಡೇ. ಅದರಲ್ಲಿ ಯಾರು ಮೆರವಣಿಗೆ ಹೋಗಬೇಕಾಗಿದೆ?" ಎಂದಿದ್ದರು ಗಂಡ.

ಆಕೆ ಬೀರುವಿನಿಂದ ಗಾಡಿಯ ನೋಂದಣಿ ಪುಸ್ತಕ ತಂದು ಅವರ ಮುಂದೆ ಹಿಡಿದಳು. "ಮನೆ ನಿಮ್ಮ ಹೆಸರಲ್ಲಿದೆ. ಅಂಗಡಿ ಬಾಡಿಗೆ ಕರಾರು ನಮ್ಮಣ್ಣನ ಹೆಸರಲ್ಲಿದೆ, ಹೆಂಗಸಿಗೆ ಬರೆದುಕೊಡಲ್ಲ ಅಂದ್ರು ಅವತ್ತು. ಮಾಲೀಕರು ಅಂತ ನನ್ನ ಹೆಸರು ಬರೆದಿರೋದು ಇದೊಂದರಲ್ಲೇ ಕಣ್ರೀ."

ಅವರು ಪುಸ್ತಕವನ್ನು ಒಮ್ಮೆ ಓದಿ, ಎರಡು ಕೈಯಲ್ಲೂ ಹಿಡಿದು ಹಿಂದಿರುಗಿಸಿದರು. ಅಂದಿನಿಂದ ಹಂಗಿಸಿದರೇ ಹೊರತು ಅಡ್ಡಬರಲಿಲ್ಲ.

ಬಿಚ್ಚುವುದು ಸುಲಭವಾಗಿತ್ತು. ಗುಂಡಿ ಡಬ್ಬಗಳಲ್ಲಿ ನಟ್ಟು ಬೋಲ್ಟುಗಳನ್ನು ಗಾತ್ರದ ಪ್ರಕಾರ ತುಂಬಿ, ಒಂದೊಂದಕ್ಕೂ ಬಟ್ಟೆಯ ಚೀಟಿ ಹೊಲಿದು ಕಟ್ಟಿದ್ದಳು. ಕಷ್ಟ ಶುರುವಾದದ್ದು ಸವೆದುಹೋದ ಭಾಗಗಳನ್ನು ಹುಡುಕುವಾಗ. ಪೇಟೆಯ ಮೊದಲ ಅಂಗಡಿಯವನು ಗಾಡಿಯ ಹೆಸರು ಕೇಳಿ ನಕ್ಕ. ಎರಡನೆಯವನು, "ಆ ಕಂಪನಿ ಬಾಗಿಲು ಹಾಕಿದಾಗ ನಾನಿನ್ನೂ ಹುಟ್ಟಿರಲಿಲ್ಲ ಆಂಟಿ," ಎಂದ. ಮೂರನೆಯವನು ನಗಲಿಲ್ಲ, "ಪಕ್ಕಾ ಇದೇ" ಎಂದು ಕ್ಲಚ್ ಪ್ಲೇಟುಗಳನ್ನು ಕಟ್ಟಿಕೊಟ್ಟ. ಮನೆಗೆ ತಂದು ನೋಡಿದರೆ ಅವು ಬೇರೆ ಯಾವುದೋ ಗಾಡಿಯವು; ಸರಿಯಾದವು ಸಿಗಲು ಇನ್ನೊಂದು ತಿಂಗಳು ಹಿಡಿಯಿತು. ಕಾರ್ಬ್ಯುರೇಟರಿಗಾಗಿ ಎರಡು ಬಸ್ಸು ಬದಲಿಸಿ ಒಂದು ಗುಜರಿ ಅಂಗಡಿಗೆ ಹೋದಳು. ಅದು ಹಿಂದಿನ ದಿನವಷ್ಟೇ ಮಾರಾಟವಾಗಿತ್ತು. ಬರಿಗೈಯಲ್ಲಿ ಬಂದವಳು ತನ್ನ ಹಳೆಯ ಕಾರ್ಬ್ಯುರೇಟರನ್ನೇ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹೊಲಿಗೆ ಸೂಜಿಯಿಂದ ಅದರ ಸಣ್ಣ ತೂತುಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತಳು.

ಕೊನೆಗೆ ಉಳಿದದ್ದು ಒಂದೇ: ಹೆಡ್ ಗ್ಯಾಸ್ಕೆಟ್. ಸಿಲಿಂಡರಿಗೂ ಅದರ ಮೇಲಿನ ಮುಚ್ಚಳಕ್ಕೂ ನಡುವೆ ಕೂರುವ ತಾಮ್ರದ ತಗಡು. ನಡುವೆ ದೊಡ್ಡ ತೂತು, ಸುತ್ತ ಬೋಲ್ಟುಗಳಿಗೆ ನಾಲ್ಕು ಸಣ್ಣ ತೂತು. ಅದಿಲ್ಲದಿದ್ದರೆ ಎಂಜಿನ್ನಿನ ಉಸಿರು ಒಳಗೆ ನಿಲ್ಲದೆ ಸೋರಿಹೋಗುತ್ತದೆ. ಅದು ಎಲ್ಲಿಯೂ ಸಿಗಲಿಲ್ಲ. ದೂರದ ಊರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬ, ಕಾಗದದ ಮೇಲೆ ಅಚ್ಚು ಬರೆದು ಕಳಿಸಿದರೆ ಕತ್ತರಿಸಿಕೊಡುತ್ತೇನೆ ಎಂದ. ಕಾಗದದ ಮೇಲೆ ಅಚ್ಚು ಬರೆಯುವುದು ಆಕೆಗೆ ಹೇಳಿಕೊಡಬೇಕಾದ ಕೆಲಸವೇ? ಕಂದು ಕಾಗದ ಹಾಸಿ ಒಂದೇ ಉಸಿರಿಗೆ ಬರೆದು ಅಂಚೆಗೆ ಹಾಕಿದಳು.

ಕಾಗದ ತಲುಪಿದ ದಿನ ಅವನು ಫೋನ್ ಮಾಡಿ ಏನೋ ಕೇಳಲು ಹೋದ. ಆಕೆಯ ಹೊಲಿಗೆ ಅಂಗಡಿಯ ತುಂಬ ಗಿರಾಕಿಗಳಿದ್ದರು. ಆಕೆ ಸಿಡುಕಿದಳು: "ನಾನು ಪೆನ್ಸಿಲಲ್ಲಿ ದಪ್ಪಗೆ ಬರೆದಿರೋ ಗೆರೆ ಮೇಲೆ ಕತ್ತರಿಸಿ ಸ್ವಾಮಿ, ಸಾಕು. ನಿಮ್ಮ ಬುದ್ಧಿ ಖರ್ಚು ಮಾಡಬೇಡಿ."

ಪೊಟ್ಟಣ ಬಂದದ್ದು ಮೂರು ವಾರದ ಮೇಲೆ, ಗುರುವಾರ. ತಪಾಸಣೆಗೆ ಕೊನೆಯ ದಿನ ಸೋಮವಾರ. ಆಕೆ ನಿಂತಲ್ಲೇ ಪೊಟ್ಟಣ ಹರಿದು ತಗಡನ್ನು ಸಿಲಿಂಡರಿನ ಮೇಲಿಟ್ಟಳು. ನಾಲ್ಕೂ ಬೋಲ್ಟಿನ ತೂತುಗಳು ಅಚ್ಚುಕಟ್ಟಾಗಿ ಕೂತವು. ಆದರೆ ಹೊರಗೆ ತಗಡು ಸುತ್ತಲೂ ಚಾಚಿಕೊಂಡಿತ್ತು. ಒಳಗೆ ನಡುವಿನ ತೂತು ಚಿಕ್ಕದಾಗಿ, ಸಿಲಿಂಡರಿನ ಬಾಯಿಗೇ ಅಡ್ಡ ನಿಂತಿತ್ತು.

ಆಕೆ ಫೋನ್ ಎತ್ತಿಕೊಂಡಳು.

"ಕಣ್ಣು ಕಾಣಿಸುತ್ತೇನ್ರೀ ನಿಮಗೆ? ಇದೇನು ಗ್ಯಾಸ್ಕೆಟ್ಟೋ, ಪಾತ್ರೆ ಮುಚ್ಚಳಾನೋ?"

"ಅಮ್ಮಾ, ನೀವು ಹೇಳಿದ ಗೆರೆ ಮೇಲೇ..."

"ನಾನು ಹೇಳಿದ್ದು? ಮೂವತ್ತು ವರ್ಷದಿಂದ ಅಳತೆ ತಗೊಂಡೇ ಅನ್ನ ತಿಂತಿರೋಳು ನಾನು! ಒಂದು ಕೂದಲೆಳೆ ಹೆಚ್ಚುಕಮ್ಮಿ ಮಾಡಿದವಳಲ್ಲ. ನನ್ನ ಗಾಡಿ ಮುಳುಗಿಸಿದಿರಲ್ಲ!"

ಅಷ್ಟರಲ್ಲಿ ಗಂಡ ಕೆಳಗೆ ಬಿದ್ದಿದ್ದ ಕಂದು ಕಾಗದವನ್ನು ಎತ್ತಿಕೊಂಡಿದ್ದರು. ವ್ಯಾಪಾರಿ ಅಚ್ಚನ್ನೂ ಪೊಟ್ಟಣದಲ್ಲೇ ಮಡಚಿಟ್ಟಿದ್ದ. ಅವರು ಕನ್ನಡಕ ಏರಿಸಿ, ಸಾಕ್ಷಿ ಕಾಗದ ಓದುವವರಂತೆ ನಿಧಾನವಾಗಿ ನೋಡಿದರು. ಆಮೇಲೆ ಅದನ್ನು ಆಕೆಯ ಮುಖದ ಮುಂದೆ ಹಿಡಿದು, ಬೆರಳಿಟ್ಟು ತೋರಿಸಿದರು.

ಗುಂಡಿಮನೆಗಳಂತೆ ಬರೆದ ಬೋಲ್ಟಿನ ತೂತುಗಳನ್ನು ಬಿಟ್ಟರೆ, ಉಳಿದ ಅಂಚುಗಳಲ್ಲೆಲ್ಲ ಎರಡೆರಡು ಗೆರೆಗಳಿದ್ದವು. ತುಂಡು ತುಂಡಾದ ತೆಳು ಗೆರೆಯೇ ನಿಜವಾದ ಅಳತೆ. ಅದರ ಪಕ್ಕದಲ್ಲಿ, ಹೊರಗಿನ ಅಂಚಿನಲ್ಲಿ ಹೊರಕ್ಕೆ, ನಡುವಿನ ತೂತಿನಲ್ಲಿ ಒಳಕ್ಕೆ, ಕಾಲಿಂಚು ಬಿಟ್ಟು ಎಳೆದ ದಪ್ಪ ಗೆರೆ. ಹೊಲಿಗೆಗೆ ಬಿಡುವ ಅಂಚು. ರವಿಕೆಯ ಕುತ್ತಿಗೆ ಕತ್ತರಿಸುವಾಗ ಬಿಡುವಂತೆ, ಕಂಕುಳಿಗೆ ಬಿಡುವಂತೆ, ತಾಮ್ರದ ತಗಡಿಗೂ ಬಿಟ್ಟಿದ್ದಳು. ಅಭ್ಯಾಸದ ಕೈ ತಾನಾಗಿ ಎಳೆದದ್ದು ಆಕೆಗೆ ಗೊತ್ತೂ ಆಗಿರಲಿಲ್ಲ.

"ಹಲೋ? ಹಲೋ, ಅಮ್ಮಾ?" ಎನ್ನುತ್ತಿತ್ತು ಫೋನು.

"...ಆಮೇಲೆ ಮಾಡ್ತೀನಿ," ಎಂದು ಇಟ್ಟಳು.

"ಎಂಜಿನ್ನಿಗೆ ಕಾಲರೂ ಇಡ್ತಿದ್ಯಾ?" ಎಂದರು ಗಂಡ.

ಆಕೆ ತಗಡನ್ನು ಬಾಗಿಲಿನತ್ತ ಎಸೆದಳು. ಅದು ಹೊಸ್ತಿಲಿಗೆ ಬಡಿದು ತಿರುತಿರುಗಿ ಬಿತ್ತು. ಆಕೆ ಚಕ್ರದ ಪಕ್ಕ ನೆಲದ ಮೇಲೆ ಕುಳಿತು ಅತ್ತಳು. ಏಳು ತಿಂಗಳಲ್ಲಿ ಅತ್ತದ್ದು ಅದೇ ಮೊದಲು. ಎಲ್ಲ ಅಂಗಡಿಯವರ ಮೇಲೂ ಕೋಪ ಮಾಡಿಕೊಂಡಿದ್ದಳು. ಈಗ ಕೋಪಕ್ಕೆ ಬೇರೆ ಯಾರೂ ಉಳಿದಿರಲಿಲ್ಲ.

ಗಂಡ ತಗಡನ್ನು ಎತ್ತಿ ತಂದು ಬಳಿಯಲ್ಲಿಟ್ಟರು. "ಹೆಚ್ಚಾಗಿರೋದು ತಾನೇ? ಬಟ್ಟೆ ಕಮ್ಮಿ ಬಿದ್ದರೆ ಏನೂ ಮಾಡಕ್ಕಾಗಲ್ಲ, ಹೆಚ್ಚಿದ್ದರೆ ಕತ್ತರಿಸಬಹುದು ಅಂತ ನೀನೇ ಗಿರಾಕಿಗಳಿಗೆ ಹೇಳ್ತಿರ್ತೀಯ."

"ಇದು ಬಟ್ಟೆಯಲ್ಲ ರೀ."

"ಅದನ್ನ ಅಚ್ಚು ಬರೆಯೋವಾಗ ಯೋಚಿಸಬೇಕಿತ್ತು."

ಶುಕ್ರವಾರ, ಶನಿವಾರ ಅಂಗಡಿ ತೆರೆಯಲಿಲ್ಲ. ಹೊರಗಿನ ಅಂಚನ್ನು ತಗಡು ಕತ್ತರಿಸುವ ಕತ್ತರಿಯಲ್ಲಿ ತೆಗೆದಳು. ಒಳಗಿನ ತೂತಿಗೆ ಕತ್ತರಿ ಹೋಗಲಿಲ್ಲ, ಅರದಿಂದ ಉಜ್ಜಬೇಕಾಯಿತು. ತಾಮ್ರ ಮೆದು ಎನ್ನುತ್ತಾರೆ. ಕಾಲಿಂಚು ತಾಮ್ರವನ್ನು ಕೈಯಲ್ಲಿ ಉಜ್ಜಿದವರು ಹಾಗೆನ್ನುವುದಿಲ್ಲ. ಗಂಡ ತಗಡನ್ನು ಒತ್ತಿ ಹಿಡಿದರು, ಆಕೆ ಉಜ್ಜಿದಳು. ಎರಡು ಸಲ ಅರ ಜಾರಿ ಬೆರಳು ಸೀಳಿತು. ಮಗಳ ನಿಶ್ಚಿತಾರ್ಥಕ್ಕೆ ರವಿಕೆ ಹೊಲಿಯಲು ಕೊಟ್ಟಿದ್ದವಳೊಬ್ಬಳು ಬಾಗಿಲಿಗೇ ಬಂದು, "ಇದೇನು ಟೈಲರಮ್ಮ, ಪಾತ್ರೆ ಅಂಗಡಿ ಇಟ್ರಾ?" ಎಂದು ಮೂಗು ಮುರಿದು ಹೋದಳು. ಭಾನುವಾರ ಬೆಳಿಗ್ಗೆ ತಗಡನ್ನು ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆದು ಮಾಡಿ, ಕೂರಿಸಿ, ಬೋಲ್ಟು ಬಿಗಿದಳು. ಕಿಕ್ ಹೊಡೆದು ಹೊಡೆದು ಕಾಲು ನೋವಾದ ಮೇಲೆ ಎಂಜಿನ್ ಕೆಮ್ಮಿತು, ಹಜಾರವೆಲ್ಲ ನೀಲಿ ಹೊಗೆ ತುಂಬಿಸಿತು, ನಡುಗುತ್ತ ಓಡತೊಡಗಿತು. ಖುಷಿಪಡಲು ಪುರುಸೊತ್ತಿರಲಿಲ್ಲ. ಕೆಳಗೆ ಎಲ್ಲಿಂದಲೋ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಸೋಮವಾರ ಗಂಡನನ್ನು ಹಿಂದೆ ಕೂರಿಸಿಕೊಂಡು ಸಾರಿಗೆ ಕಚೇರಿಗೆ ಹೋದಳು. ತಪಾಸಣಾಧಿಕಾರಿ ದೀಪ, ಹಾರನ್, ಬ್ರೇಕು ನೋಡಿ, ಹ್ಯಾಂಡಲ್ ಕೆಳಗೆ ಬಗ್ಗಿದ. "ಚಾಸಿ ನಂಬರ್ ಎಲ್ಲಿ?"

ಗಾಡಿಯ ಚೌಕಟ್ಟಿನ ಮೇಲೆ ಕೊರೆದ ಆ ಅಂಕಿಗಳು ಇದ್ದವು. ಆಕೆ ಮೂರು ಪದರ ಬಳಿದು, ಉಜ್ಜಿ, ಹೊಳಪು ಕೊಟ್ಟ ಬಣ್ಣದ ಅಡಿಯಲ್ಲಿ.

"ನಂಬರ್ ಕಾಣದೆ ಸಹಿ ಹಾಕಲ್ಲ."

ಆಕೆ ಹಲ್ಲು ಕಚ್ಚಿ, ಗಾಡಿಯ ಕೀಲಿಯಿಂದ ತನ್ನ ಬಣ್ಣವನ್ನು ತಾನೇ ಕೆರೆದಳು. ಒಂದೊಂದೇ ಅಂಕಿ ಹೊರಬಂತು. ಅವನು ಓದಿ ಬರೆದುಕೊಂಡ. ಒಳಗೆ ಕಿಟಕಿಯ ಬಳಿ ಗುಮಾಸ್ತ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಿ ಮುದ್ರೆ ಒತ್ತಿ, ಗಂಡನ ಕಡೆಗೆ ಪೆನ್ನು ಚಾಚಿದ. "ಮಾಲೀಕರ ಸಹಿ ಇಲ್ಲಿ."

ಅವರು ಕೈ ಮುಂದೆ ಮಾಡಲಿಲ್ಲ. "ನಾನು ಹಿಂದೆ ಕೂತು ಬಂದವನು ಸಾರ್. ಮಾಲೀಕರು ಇವರು."

ಆಕೆ ಸಹಿ ಹಾಕಿದಳು. ಬ್ಯಾಂಡೇಜ್ ಸುತ್ತಿದ ಬೆರಳಿನಲ್ಲಿ ಅಕ್ಷರ ಸೊಟ್ಟಗಾಯಿತು, ಅದಕ್ಕೂ ಸಿಟ್ಟು ಬಂತು.

ಹೊರಗೆ ಬಂದು ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಹತ್ತು ಸಲ, ಇಪ್ಪತ್ತು ಸಲ. ಸಿಲಿಂಡರಿನ ಅಂಚಿನಲ್ಲಿ ಸಣ್ಣಗೆ ಉಸ್ಸೆನ್ನುವ ಸದ್ದು. ಗ್ಯಾಸ್ಕೆಟ್ ಎಲ್ಲೋ ಸೋರುತ್ತಿತ್ತು. ಮತ್ತೆ ಬಿಚ್ಚಬೇಕು.

"ಇನ್ನು ಐದು ವರ್ಷ ಟೈಮಿದೆಯಲ್ಲ," ಎಂದರು ಗಂಡ.

"ಬಾಯಿ ಮುಚ್ಕೊಂಡು ತಳ್ಳಿ," ಎಂದು ಮಾಲೀಕಳು ಹ್ಯಾಂಡಲ್ ಹಿಡಿದಳು.